ಬಿಟ್ಟ ಓದನ್ನು ಮರಳಿ ಹಿಡಿಯುವ ಬಗೆ

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸ ಮುಗಿಸಿದ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವೊಂದುಂಟು. ಸ್ವಾಧ್ಯಾಯ ಪ್ರವಚನಗಳಲ್ಲಿ ಎಚ್ಚರ ತಪ್ಪಬಾರದೆಂಬುದು ಅದರಲ್ಲಿ ಮುಖ್ಯವಾದ ಮಾತು. ಗುರುಕುಲದಲ್ಲಿ ಕಲಿಯುತ್ತಿರುವವನಿಗಲ್ಲ, ಅದನ್ನು ಬಿಟ್ಟು ಸಂಸಾರಕ್ಕೆ ಹೊರಟವನಿಗೆ ಈ ಎಚ್ಚರಿಕೆ ಸಂದಿರುವುದು ಗಮನಾರ್ಹ. ಶಾಲೆಯ ಬಾಗಿಲು ದಾಟಿದ ಮೇಲೆಯೇ ಓದು ತಪ್ಪುವುದೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ತುಮಕೂರು ನಗರದ ಅಂಚಿನ ಸತ್ಯಮಂಗಲದಲ್ಲಿಂದು ಕೈಗಾರಿಕಾ ಪ್ರದೇಶವಿದೆ. ಪಾಳಿಯ ಕೆಲಸ ಮುಗಿಸಿ ಮನೆಗೆ ಬಂದವನ ಕೈಗೆ ಮೊದಲು ಸಿಗುವುದು ಮೊಬೈಲು. ಒಂದು ಕಾಲಕ್ಕೆ ಷಟ್ಪದಿಯನ್ನು ಬಿಡಿಸಿ ಅರ್ಥ ಹೇಳುತ್ತಿದ್ದವನೂ ನಾಲ್ಕು ಪುಟಕ್ಕೇ ಬಳಲುತ್ತಾನೆ. ಇದು ಬುದ್ಧಿಯ ಕುಂದಲ್ಲ, ಅಭ್ಯಾಸದ ಲೋಪ. ಬೀಳುಬಿಟ್ಟ ಹೊಲಕ್ಕೆ ಮೊದಲ ಉಳುಮೆ ಕಷ್ಟವೇ ಸರಿ. ಆದರೆ ಮಣ್ಣಿನ ಸಾರ ಎಲ್ಲಿಗೂ ಹೋಗಿರುವುದಿಲ್ಲ.

ವ್ಯಕ್ತಿಯಂತೆ ಸಮಾಜವೂ ಓದನ್ನು ಮರೆಯುವುದುಂಟು. ವಚನಗಳ ಓಲೆಗರಿಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದುವು. ಬಿಚ್ಚಿ ಓದುವವರು ವಿರಳರಾಗಿದ್ದರು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವನ್ನು ಸಂಗ್ರಹಿಸಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಷ್ಟಕ್ಕೇ ನಿಲ್ಲದೆ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗ್ರಂಥವು ಒಮ್ಮೆ ಕೈಸೇರಿ ಕಪಾಟಿನಲ್ಲಿ ಉಳಿದುಬಿಡಬಹುದು. ಪತ್ರಿಕೆಯಾದರೋ ಕಾಲಕಾಲಕ್ಕೆ ಬಂದು ಓದುಗನ ಬಾಗಿಲು ತಟ್ಟುತ್ತದೆ.

ಓದನ್ನು ಮರಳಿ ಹಿಡಿಯುವವನಿಗೆ ಇದರಿಂದ ಮೂರು ಪಾಠಗಳು ದೊರೆಯುತ್ತವೆ. ಓದು ಮಿತವಾಗಿರಲಿ, ನಿಯತವಾಗಿರಲಿ, ಮತ್ತೊಬ್ಬರೊಡನೆ ಕೂಡಿರಲಿ. ಗುಬ್ಬಿಯ ಮಲ್ಲಣಾರ್ಯನ ‘ಭಾವಚಿಂತಾರತ್ನ’ದಂಥ ಕಾವ್ಯ ನಮ್ಮ ಸೀಮೆಯ ಹೆಮ್ಮೆಯಾದರೂ ಮೊದಲ ದಿನವೇ ಅದಕ್ಕೆ ಕೈಹಾಕುವುದು ಸಲ್ಲದು. ಒಂದು ವಚನ, ಒಂದು ಸಣ್ಣ ಕಥೆ, ಎಂದೋ ಮೆಚ್ಚಿದ್ದ ಪುಸ್ತಕದ ಎರಡು ಪುಟ ಸಾಕು. ದೀಪ ಹಚ್ಚುವ ಹೊತ್ತಿಗೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಅಷ್ಟನ್ನು ಗಟ್ಟಿಯಾಗಿ ಓದಬೇಕು. ಕಣ್ಣು ಸಾಲು ತಪ್ಪಿದರೂ ಕಿವಿ ಅದನ್ನು ಹಿಡಿದು ತರುತ್ತದೆ. ಗಮಕದಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವುದರ ಮರ್ಮವೂ ಇಂಥದೇ. ಉಪನಿಷತ್ತು ಸ್ವಾಧ್ಯಾಯದ ಜೊತೆಗೇ ಪ್ರವಚನವನ್ನು ಹೇಳಿರುವುದೂ ವ್ಯರ್ಥವಲ್ಲ. ನಾಳೆ ಮತ್ತೊಬ್ಬರಿಗೆ ಹೇಳಬೇಕೆಂದು ಓದಿದವನ ಮನಸ್ಸು ಅಲೆಯುವುದು ಕಡಿಮೆ. ಕೇಳುವವರು ಮನೆಯ ಮುದುಕರಾದರೂ ಸರಿ, ಮಕ್ಕಳಾದರೂ ಸರಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓದಿ ತೀರಿಸಹೊರಡದೆ, ಬಿಟ್ಟಲ್ಲಿಂದ ಮುಂದುವರಿಯಬೇಕು.

ದಾನಿಗಳು ಪ್ರೀತಿಯಿಂದಿತ್ತ ಪುಸ್ತಕವು ಬೀರುವಿನಲ್ಲಿ ಬೀಗದೊಳಗೆ ಉಳಿದರೆ ಅದರ ಗತಿ ಪೂಜೆಗಿಟ್ಟ ಓಲೆಯ ಕಟ್ಟಿನ ಗತಿಯೇ. ಓದಿರೆಂದು ಉಪಾಧ್ಯಾಯರು ನೂರು ಸಲ ಹೇಳಿದರೂ, ಅವರ ಕೈಯಲ್ಲಿ ಪುಸ್ತಕವನ್ನೇ ಕಾಣದ ಹುಡುಗ ಅದನ್ನು ನಂಬಲಾರ. ಶಾಲೆಯನ್ನು ನೆನೆಯುವ ಹಳೆಯ ವಿದ್ಯಾರ್ಥಿಗಳು ಸಂಜೆಗೆ ಎರಡು ಪುಟ ಓದಿ, ಓದಿದ್ದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿದರೆ, ಅದೂ ಗುರುದಕ್ಷಿಣೆಯೇ ಆದೀತು.