ಸಲಹಾ ಸಮಿತಿಗೆ ಹೆದರಬೇಡಿ, ಬಳಸಿಕೊಳ್ಳಿ

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಇದೇ ತಾಲ್ಲೂಕಿನ ಜಿಡಗಾದ ಹುಡುಗ ಹುಡುಗಿಯರಿಗೆ ಪಿಎಚ್.ಡಿ. ಈಗ ದೂರದ ಮಾತಲ್ಲ. ಆದರೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಲ್ಲಬೇಕೆಂದರೆ ಅನೇಕರ ಎದೆ ಡವಡವ ಎನ್ನುತ್ತದೆ. ಅವರಿಗಾಗಿ ಈ ಸೂತ್ರಗಳು.

1. ಸಮಿತಿಯ ಕೆಲಸ ತಿಳಿದಿರಲಿ. ಯುಜಿಸಿಯ 2022ರ ನಿಯಮದಂತೆ ನಿಮ್ಮ ಗೈಡ್ ಅವರೇ ಸಂಚಾಲಕರು. ವಿಷಯ ಅಂತಿಮಗೊಳಿಸುವುದು, ಅಧ್ಯಯನ ವಿಧಾನಕ್ಕೆ ದಾರಿ ತೋರಿಸುವುದು, ಪ್ರಗತಿ ಪರಿಶೀಲಿಸುವುದು ಸಮಿತಿಯ ಹೊಣೆ.

2. ವಿಷಯ ಕಿರಿದು ಮಾಡಿ. ಇಲ್ಲಿ ಗೆದ್ದರೆ ಅರ್ಧ ಗೆದ್ದಂತೆ. ‘ಕಲ್ಯಾಣ ಕರ್ನಾಟಕದ ತತ್ವಪದಗಳು’ ಎಂದು ಹೋದರೆ, ಯಾವ ಊರು, ಯಾವ ಕಾಲ, ಯಾರ ಪದ ಎಂದು ಕೇಳಿಯೇ ಕೇಳುತ್ತಾರೆ. ‘ಜೇವರ್ಗಿ, ಅಫಜಲಪುರ ಸೀಮೆಯ ಭಜನಾ ಮೇಳಗಳು ಇಂದಿಗೂ ಹಾಡುವ ಕಡಕೋಳ ಮಡಿವಾಳಪ್ಪನವರ ಪದಗಳು’ ಎಂದರೆ ಕ್ಷೇತ್ರಕಾರ್ಯ ಕಣ್ಣಿಗೆ ಕಟ್ಟುತ್ತದೆ: ಯಾವ ಮೇಳ, ಯಾರ ಬಾಯಲ್ಲಿ ಯಾವ ಪಾಠ, ಅಚ್ಚಿನ ಪಾಠಕ್ಕೂ ಅದಕ್ಕೂ ಏನು ವ್ಯತ್ಯಾಸ. ಸಮಿತಿ ವಿಷಯ ಕತ್ತರಿಸಿದರೆ ಬೇಸರ ಬೇಡ. ಅದರಿಂದ ನಿಮಗೆ ಉಳಿಯುವುದು ವರ್ಷಗಳು.

3. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಮಂಡನೆ, ಜೊತೆಗೊಂದು ಚಿಕ್ಕ ವರದಿ ಕಡ್ಡಾಯ. ಮಾಡಿದ್ದನ್ನಷ್ಟೇ ಹೇಳಬೇಡಿ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬುದನ್ನೂ ಬಿಚ್ಚಿಡಿ. ಸಲಹೆ ಹುಟ್ಟುವುದು ಅಲ್ಲಿಂದಲೇ.

4. ಸಲಹೆಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಮೊದಲ ಪುಟವೇ ‘ಹಿಂದಿನ ಸಲಹೆ, ಕೈಗೊಂಡ ಕ್ರಮ’ ಆಗಿರಲಿ. ಪ್ರಗತಿ ಸಾಲದಿದ್ದರೆ ಸಮಿತಿ ಕಾರಣ ದಾಖಲಿಸಿ ಪರಿಹಾರ ಸೂಚಿಸುತ್ತದೆ. ಅದನ್ನೂ ಪಾಲಿಸದಿದ್ದರೆ ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಆ ಹಂತಕ್ಕೆ ಬಿಡಲೇಬೇಡಿ.

5. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ ಇನ್ನೆರಡು ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಕೊಡಲು ಅವಕಾಶವಿದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ಮದುವೆಯಾಯಿತೆಂದು ಓದು ಬಿಡುವ ಅಕ್ಕ ತಂಗಿಯರಿಗೆ ಈ ಮಾತು ತಲುಪಲೇಬೇಕು.

6. ಮಹಾಪ್ರಬಂಧ ಸಲ್ಲಿಸುವ ಮುನ್ನ ಸಮಿತಿಯ ಮುಂದೆ ನಡೆಯುವ ಮಂಡನೆಗೆ ಇತರ ಅಧ್ಯಾಪಕರೂ ವಿದ್ಯಾರ್ಥಿಗಳೂ ಬರಬಹುದು. ಬೇರೆ ವಿಭಾಗದವರನ್ನೂ ಕರೆಯಿರಿ. ಆಮೇಲೆ ಪ್ರಬಂಧ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರ ಕೈಗೆ ಹೋಗುತ್ತದೆ. ಅವರು ಕೇಳಬಹುದಾದ ಪ್ರಶ್ನೆ ಇಲ್ಲೇ ಎದ್ದರೆ ತಿದ್ದಿಕೊಳ್ಳಲು ನಿಮಗಿನ್ನೂ ಸಮಯವಿರುತ್ತದೆ.