ತೋಳಿಗೆ ಬಲ, ವೀರ್ಯಕ್ಕೆ ಬರ

ಪ್ರಶ್ನೆ: ಗಂಗಾವತಿಯ ಜಿಮ್‌ನಲ್ಲಿ ಗೆಳೆಯರ ಮಾತು ಕೇಳಿ ಕೆಲವು ತಿಂಗಳು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡೆ. ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿಲ್ಲ. ಈಗ ಲ್ಯಾಬ್ ರಿಪೋರ್ಟಿನಲ್ಲಿ ವೀರ್ಯಾಣುವೇ ಇಲ್ಲ ಎಂದು ಬಂದಿದೆ. ಅದು ಗಂಡಸಿನದೇ ಹಾರ್ಮೋನ್ ತಾನೇ? ಹೆಚ್ಚು ತಗೊಂಡರೆ ವೀರ್ಯಾಣುವೂ ಹೆಚ್ಚಬೇಕಲ್ಲವೇ?
– ಒಬ್ಬ ಓದುಗ, ಕುಷ್ಟಗಿ

ಉತ್ತರ: ಹೆಚ್ಚುವುದಿಲ್ಲ, ಇಳಿಯುತ್ತದೆ. ಟೆಸ್ಟೋಸ್ಟೆರಾನ್ ವೃಷಣದಲ್ಲೇ ತಯಾರಾದರೂ ಅಪ್ಪಣೆ ಬರುವುದು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ. ಅದು ಕಳಿಸುವ ಎಲ್‌ಎಚ್ ಎಂಬ ಹಾರ್ಮೋನ್ ಮುಟ್ಟಿದರೆ ವೃಷಣದ ಲೈಡಿಗ್ ಕೋಶಗಳು ಟೆಸ್ಟೋಸ್ಟೆರಾನ್ ಮಾಡುತ್ತವೆ. ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಮುಟ್ಟಿದರೆ ಸರ್ಟೋಲಿ ಕೋಶಗಳು ಎಳೆಯ ವೀರ್ಯಾಣುಗಳನ್ನು ಸಾಕುತ್ತವೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂದು ಮಿದುಳು ಸದಾ ನೋಡುತ್ತಿರುತ್ತದೆ. ಸೂಜಿಯಿಂದ ಧಾರಾಳವಾಗಿ ಬಂತೋ, ಎರಡೂ ಅಪ್ಪಣೆ ಬಂದ್.

ವೀರ್ಯಾಣು ಬೆಳೆಯಲು ವೃಷಣದೊಳಗೆ ಬೇಕಾದ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅಷ್ಟನ್ನು ಇಂಜೆಕ್ಷನ್ ಅಲ್ಲಿಗೆ ಮುಟ್ಟಿಸಲಾರದು. ಎಲ್ಲೋ ಮೇಲೆ ಮಳೆಯಾಯಿತೆಂದು ತುಂಗಭದ್ರಾ ಎಡದಂಡೆ ಕಾಲುವೆಯ ಗೇಟು ಇಳಿಸಿದರೆ ಮಳೆ ಕಾಣದ ಗದ್ದೆಯ ಗತಿ ಏನೋ, ನಿಮ್ಮ ವೃಷಣದ್ದೂ ಅದೇ. ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿದ ಫಲಿತಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪ್ರಕಟಿಸಿದೆ. ಮಕ್ಕಳು ಬೇಡವೆನ್ನುವವರಿಗೆ ಕೊಟ್ಟು ನೋಡಿದ್ದನ್ನು ನೀವು ಮಕ್ಕಳು ಬೇಕೆನ್ನುವ ವಯಸ್ಸಿನಲ್ಲಿ ದುಡ್ಡು ಕೊಟ್ಟು ಚುಚ್ಚಿಸಿಕೊಂಡಿರಿ!

ಎಫ್‌ಎಸ್‌ಎಚ್ ಮಹತ್ವ ತಿಳಿಯುವಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಗಂಡು ಬಾನೆಟ್ ಮಂಗಗಳಿಗೆ ಕುರಿಯ ಎಫ್‌ಎಸ್‌ಎಚ್ ಲಸಿಕೆ ಹಾಕಿ, ಮಂಗಗಳ ಸ್ವಂತ ಎಫ್‌ಎಸ್‌ಎಚ್ ಕೆಲಸ ಮಾಡದಂತೆ ತಡೆದರು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಮಂಗವೇ ಅದು. ಟೆಸ್ಟೋಸ್ಟೆರಾನ್ ಮಾಮೂಲಿನಂತಿದ್ದರೂ ವೀರ್ಯಾಣು ಕೆಟ್ಟು ಮಂಗಗಳು ಸಂತಾನಶಕ್ತಿ ಕಳೆದುಕೊಂಡವು. 1997ರಲ್ಲಿ ಕೆಲವು ಗಂಡಸರ ಮೇಲಿನ ಪ್ರಯೋಗವನ್ನೂ ಅವರು ಪ್ರಕಟಿಸಿದರು.

ಹಾರ್ಮೋನಿನ ಆಟ ವೃಷಣದಲ್ಲೇ ಮುಗಿಯುವುದಿಲ್ಲ. ಅಂಡಾಣುವಿನ ಸುತ್ತಲಿನ ಕೋಶಗಳು ಪ್ರೊಜೆಸ್ಟೆರಾನ್ ಸೂಸುತ್ತವೆ. ಅದು ತಾಕಿದಾಗ ವೀರ್ಯಾಣುವಿನ ಬಾಲದ ಕ್ಯಾಟ್‌ಸ್ಪರ್ ಎಂಬ ದ್ವಾರ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಬಾಲ ಜೋರಾಗಿ ಬಡಿಯತೊಡಗುತ್ತದೆ. ಇದನ್ನು 2011ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ತೋರಿಸಿದವು. ಹೆಣ್ಣಿನ ಹಾರ್ಮೋನ್ ಎಂದು ನಾವು ಕರೆಯುವುದು ಗಂಡಿನ ವೀರ್ಯಾಣುವಿಗೆ ಕೊನೆಯ ಓಟದ ಕಸುವು ಕೊಡುತ್ತದೆ.

ಇನ್ನು ನಿಮ್ಮ ವಿಷಯ. ಇಂಜೆಕ್ಷನ್ ಇನ್ನೂ ತಗೊಳ್ಳುತ್ತಿದ್ದರೆ ಅದು ನಿಲ್ಲಬೇಕು, ಆದರೆ ವೈದ್ಯರ ನಿಗಾದಲ್ಲಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವಷ್ಟು ಹದವಾಗಲು ಇನ್ನೂ ಒಂದೆರಡು ವಾರ ಬೇಕು. ಹಾಗಾಗಿ ಮುಂದಿನ ತಿಂಗಳೇ ಮತ್ತೆ ಪರೀಕ್ಷೆ ಮಾಡಿಸಿ ಎದೆಗುಂದಬೇಡಿ. ಬಹುಪಾಲು ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ಮರಳುತ್ತದೆ, ಕೆಲವರಿಗೆ ಇನ್ನೂ ತಡ. ರಕ್ತದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಫ್‌ಎಸ್‌ಎಚ್ ಕೆಳಗಿದ್ದರೆ ಅಪ್ಪಣೆ ನಿಂತಿದೆ ಎಂದು ಅರ್ಥ, ಇದಕ್ಕೆ ಔಷಧವಿದೆ. ಅದು ಬಹಳ ಏರಿದ್ದರೆ ತೊಂದರೆ ವೃಷಣದಲ್ಲೇ ಇರಬಹುದು, ಆಗ ದಾರಿ ಬೇರೆ. ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಚುಚ್ಚಿಸಿಕೊಂಡ ಬಾಟಲಿ ಉಳಿದಿದ್ದರೆ ಕೊಂಡೊಯ್ದು ತೋರಿಸಿ, ಮುಚ್ಚಿಡಬೇಡಿ.

ಕೊಪ್ಪಳವಾಗಲಿ ಯಲಬುರ್ಗಾವಾಗಲಿ, ಮಗುವಾಗಲಿಲ್ಲವೆಂದರೆ ಹುಲಿಗೆಮ್ಮನ ಹರಕೆಗೂ ಸ್ಕ್ಯಾನಿಂಗಿಗೂ ಮೊದಲು ಹೊರಡುವವಳು ಸೊಸೆಯೇ. ಸರಳವೂ ಅಗ್ಗವೂ ಆದ ವೀರ್ಯ ಪರೀಕ್ಷೆ ಮಾತ್ರ ಕೊನೆಗೆ. ನಿಮ್ಮ ರಿಪೋರ್ಟಿನ ವಿಷಯವನ್ನು ಮನೆಯವರಿಗೆ ನೀವೇ ಹೇಳಿ. ನಿಮ್ಮ ಹೆಂಡತಿ ಕೇಳುತ್ತಿರುವ ಮಾತುಗಳು ಅಲ್ಲಿಗಾದರೂ ನಿಲ್ಲಲಿ.