ಮೀನಿಗೆ ದನಿ ಕೊಡೋದು ಹೇಗೆ?

ಕಾಮಿಕ್ಸನ್ನು ಆಡಿಯೊ ನಾಟಕ ಮಾಡಿದರೆ ಚಿತ್ರವೇ ಹೋಗಿಬಿಡುತ್ತೆ. ಉಳಿಯೋದೇನು? ಜಡ್ಜ್ ಡ್ರೆಡ್‌ನನ್ನೇ ನೋಡೋಣ. 1977ರಲ್ಲಿ ಬ್ರಿಟನ್ನಿನ ‘2000 ಎಡಿ’ ವಾರಪತ್ರಿಕೆಯಲ್ಲಿ ಹುಟ್ಟಿದ ಭವಿಷ್ಯದ ಪೊಲೀಸ್ ಇವನು. ಅಪರಾಧಿಯನ್ನು ಹಿಡಿಯುವವನೂ ಇವನೇ, ಶಿಕ್ಷೆ ಕೊಡುವವನೂ ಇವನೇ. ಹೆಲ್ಮೆಟ್ ತೆಗೆಯೋದಿಲ್ಲ, ಮುಖ ನಮಗೆ ಕಾಣೋದಿಲ್ಲ. ಹಾಗಾಗಿ ಆಡಿಯೊದಲ್ಲಿ ಡ್ರೆಡ್‌ಗೆ ನಷ್ಟ ಕಡಿಮೆ. ಗಡಸು ದನಿ, ತುಂಡು ಮಾತು ಸಾಕು.

ಕಷ್ಟ ಇರೋದು ಮೀನಿನದು. ‘ದಿ ಡೇ ದ ಲಾ ಡೈಡ್’ ಕಥೆಯಲ್ಲಿ ತಲೆಕೆಟ್ಟ ಮುಖ್ಯ ಜಡ್ಜ್ ಕ್ಯಾಲ್, ತನ್ನ ಗೋಲ್ಡ್‌ಫಿಶ್ಶನ್ನೇ ಉಪಮುಖ್ಯ ಜಡ್ಜ್ ಮಾಡ್ತಾನೆ. ಕಾಮಿಕ್ಸಿನಲ್ಲಿ ಒಂದು ಚೌಕ ಸಾಕು, ನಗು ಬಂತು. 1995ರಲ್ಲಿ ಡರ್ಕ್ ಮ್ಯಾಗ್ಸ್ ಈ ಕಥೆಯನ್ನು ಬಿಬಿಸಿ ರೇಡಿಯೊ 1ಕ್ಕೆ ತಂದರು.

ಮೀನಿನ ದೃಶ್ಯವನ್ನು ನಮ್ಮ ಹಾಸ್ಟೆಲ್ ರೂಮಿನಲ್ಲೇ ರೆಕಾರ್ಡ್ ಮಾಡೋದಾದರೆ? “ಅಯ್ಯೋ, ಬೌಲಿನಲ್ಲಿ ಮೀನು!” ಅಂತ ಯಾರಿಂದಲೋ ಹೇಳಿಸೋದು ಸೋಮಾರಿಗಳ ದಾರಿ. ಕ್ಯಾಲ್ ಗಾಜಿನ ಮೇಲೆ ಉಗುರಿನಿಂದ ಟಕಟಕ ಬಡಿಯಲಿ. “ಏನಂತೀರಿ, ಜಡ್ಜ್ ಫಿಶ್?” ಎರಡು ಸೆಕೆಂಡ್ ಮೌನ. ನೀರಿನ ಒಂದು ಗುಳುಕ್. ಆಮೇಲೆ ಸಭೆಯ ಹೆದರಿದ ಚಪ್ಪಾಳೆ, ಒಬ್ಬೊಬ್ಬರದಾಗಿ. ನಗುವಿಗಿಂತ ಮೊದಲು ಭಯ ಬರುತ್ತೆ. ಆ ಮೌನಾನ ಎಡಿಟಿಂಗ್‌ನಲ್ಲಿ ಕತ್ತರಿಸಬೇಡಿ.

ಕಥೆ ಗೊತ್ತಿಲ್ಲದ ರೂಮ್‌ಮೇಟ್‌ಗೆ ಕೇಳಿಸಿ. “ಯಾರೋ ನೀರು ಕುಡೀತಿದಾರೆ” ಅಂದರೆ ಗುಳುಕ್ ಬದಲಾಯಿಸಿ.